ಗೀರದೆ ಬಿಟ್ಟ ತಾಮ್ರ

ಹದಿನೇಳನೆಯ ಶತಮಾನದ ಕಲಾವಿದ ಜಾಕ್ ಕಲೋ ಮಾಡಿದ ಸಂತ ಸೆಬಾಸ್ಟಿಯನ್ನರ ಎಚ್ಚಿಂಗಿನಲ್ಲಿ ಸಂತರನ್ನು ಹುಡುಕಬೇಕಾಗುತ್ತದೆ. ಎಚ್ಚಿಂಗ್ ಎಂದರೆ ತಾಮ್ರದ ತಗಡಿಗೆ ಆಸಿಡ್ ತಡೆಯುವ ಲೇಪ ಬಳಿದು, ಸೂಜಿಯಿಂದ ಗೀರಿ, ಗೀರಿದ ಕಡೆ ಆಸಿಡ್ಡಿನಿಂದ ತಾಮ್ರವನ್ನು ತಿನ್ನಿಸಿ, ಆ ಗೆರೆಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತುವ ಅಚ್ಚು. ಚಿತ್ರದ ಅಗಲ ಸುಮಾರು 33 ಸೆಂಟಿಮೀಟರ್, ಎತ್ತರ 16. ಎದುರಿಗೆ ಬಿಲ್ಲುಗಾರರಿದ್ದಾರೆ. ಅವರ ಬೆನ್ನು, ಹಿಗ್ಗಿಸಿ ಊರಿದ ಕಾಲು, ಬಟ್ಟೆಯ ಮಡಿಕೆ ಎಲ್ಲವೂ ಕಡುಕಪ್ಪು. ಹಿಂದೆ ಪಾಳುಬಿದ್ದ ರೋಮನ್ ಕಟ್ಟಡಗಳು, ಸುತ್ತ ನೋಡಲು ನೆರೆದ ಜನ. ಇಷ್ಟೆಲ್ಲದರ ನಡುವೆ, ಬಟಾಬಯಲಿನಲ್ಲಿ, ಕಟ್ಟಿಹಾಕಿದ ಒಂದು ಮೈ. ಗಾತ್ರದಲ್ಲಿ ಅದು ಎದುರಿನ ಬಿಲ್ಲುಗಾರನ ತೋಳಿಗೂ ಸಮವಿಲ್ಲ ಅನ್ನಿಸುವಷ್ಟು ಚಿಕ್ಕದು. ಗೆರೆಗಳಂತೂ ಕೂದಲೆಳೆಯಷ್ಟು ತೆಳು.

ಇದನ್ನು ಕಲೋ ಮಾಡಿದ್ದು 1630ರ ದಶಕದ ಆರಂಭದಲ್ಲಿ, ಈಗ ಫ್ರಾನ್ಸಿಗೆ ಸೇರಿದ ಲೊರೇನ್ ಸೀಮೆಯ ನಾನ್ಸಿ ಪಟ್ಟಣದಲ್ಲಿ. ಆ ವರ್ಷಗಳಲ್ಲಿ ಆ ಸೀಮೆಗೆ ಪ್ಲೇಗ್ ಬಡಿದಿತ್ತು, ಮತ್ತು ಸೆಬಾಸ್ಟಿಯನ್ ಪ್ಲೇಗಿನಿಂದ ಕಾಯುವ ಸಂತರೆಂದು ಜನ ನಂಬಿದ್ದರು. ಅಂಥವರನ್ನು ದೊಡ್ಡದಾಗಿ, ಮುಂದೆ ನಿಲ್ಲಿಸಬೇಕಿತ್ತಲ್ಲವೇ? ಕಲೋ ಯಾಕೆ ಹಾಗೆ ಮಾಡಲಿಲ್ಲ ಎನ್ನುವುದಕ್ಕೆ ಭಕ್ತಿಯ ಉತ್ತರ ಒಂದಿರಬಹುದು. ನನಗೆ ಆಸಕ್ತಿ ಇರುವುದು ತಗಡಿನ ಉತ್ತರದಲ್ಲಿ. ಆ ಇಡೀ ತಾಮ್ರದ ತಗಡಿನಲ್ಲಿ ಆಸಿಡ್ ಅತಿ ಕಡಿಮೆ ಹೊತ್ತು ತಿಂದದ್ದು ದೂರದ ಆಕೃತಿಗಳನ್ನು, ಅವರಲ್ಲಿ ಸಂತರೂ ಒಬ್ಬರು. ಅತಿ ಹೆಚ್ಚು ತಿಂದದ್ದು ಕೊಲ್ಲುವವರನ್ನು.

ಎಚ್ಚಿಂಗಿನಲ್ಲಿ ಬಿಳಿ ಬಣ್ಣ ಎಂಬುದಿಲ್ಲ. ತೈಲಚಿತ್ರ ಬರೆಯುವವನು ಸಂತನ ತಲೆಯ ಸುತ್ತ ಬೆಳಕು ಬೇಕೆಂದರೆ ಸೀಸದ ಬಿಳಿಯನ್ನು ಕುಂಚಕ್ಕೆ ತೆಗೆದುಕೊಂಡು ಮೆತ್ತುತ್ತಾನೆ. ಎಚ್ಚಿಂಗ್ ಮಾಡುವವನಿಗೆ ಬೆಳಕು ಬೇಕೆಂದರೆ ಕೈ ತಡೆಯಬೇಕು. ಅಲ್ಲಿ ಸೂಜಿ ಆಡಬಾರದು, ಆಸಿಡ್ ಮುಟ್ಟಬಾರದು, ಮಸಿ ಕೂರಬಾರದು. ಪ್ರಭಾವಳಿ, ಬರಿ ಎದೆಯ ಮೇಲಿನ ಹೊಳಪು, ಸ್ವರ್ಗದಿಂದ ಇಳಿಯುವ ಕಿರಣ, ಇವೆಲ್ಲ ಗೀರದೆ ಬಿಟ್ಟ ತಾಮ್ರ. ರಕ್ತಸಾಕ್ಷಿಗಳ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ, ಹದಿನೇಳನೆಯ ಶತಮಾನದ ಎಚ್ಚಿಂಗುಗಳನ್ನು ನೋಡುವಾಗ ನಾನು ಮೊದಲು ಹುಡುಕುವುದು ಈ ಬಿಟ್ಟ ಜಾಗವನ್ನು, ಆಮೇಲೆ ಯಾವ ಗೆರೆ ಎಷ್ಟು ಹೊತ್ತು ಆಸಿಡ್ಡಿನಲ್ಲಿತ್ತು ಎನ್ನುವುದನ್ನು. ಕಥೆ ಅಲ್ಲೇ ಇರುತ್ತದೆ.

ಕಲೋ ಬಳಸಿದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವನ ವಿಧಾನಗಳು ನಮಗೆ ಗೊತ್ತಾಗುವುದು ಮುಖ್ಯವಾಗಿ ಅಬ್ರಹಾಂ ಬೊಸ್ 1645ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಕೈಪಿಡಿಯಿಂದ. ಕಲೋಗಿಂತ ಮೊದಲು ಎಚ್ಚಿಂಗಿನ ಗ್ರೌಂಡ್, ಅಂದರೆ ತಗಡಿಗೆ ಬಳಿಯುವ ಆಸಿಡ್ ತಡೆಯುವ ಲೇಪ, ಮೇಣದ್ದಾಗಿತ್ತು, ಮೆತ್ತಗಿರುತ್ತಿತ್ತು. ಸೂಜಿ ಎಳೆದ ಕಡೆ ಅಂಚು ಚೂರು ಎದ್ದು ಬರುತ್ತಿತ್ತು. ಕೈ ಊರಿದರೆ ಗುರುತು ಬೀಳುತ್ತಿತ್ತು. ಹೆಚ್ಚು ಹೊತ್ತು ಆಸಿಡ್ಡಿನಲ್ಲಿಟ್ಟರೆ ಪಕಳೆ ಪಕಳೆಯಾಗಿ ಕಿತ್ತುಬರುತ್ತಿತ್ತು. ಫ್ಲಾರೆನ್ಸಿನಲ್ಲಿ ಮೆಡಿಚಿ ಆಸ್ಥಾನಕ್ಕೆ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಕಲೋ ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷನ್ನು ಗ್ರೌಂಡಾಗಿ ಬಳಸತೊಡಗಿದ. ಅದು ಅಗಸೆ ಎಣ್ಣೆಯಲ್ಲಿ ಮಾಸ್ಟಿಕ್ ಎಂಬ ಮರದ ಅಂಟನ್ನು ಕಾಯಿಸಿ ಮಾಡಿದ್ದು. ಇದನ್ನು ತಗಡಿಗೆ ಬಳಿದು, ಕೆಂಡದ ಮೇಲೆ ಹಿಡಿದು ಬೇಯಿಸಿದರೆ ಗಾಜಿನಂತೆ ಗಟ್ಟಿಯಾಗುತ್ತದೆ.

ಈ ಒಂದು ಬದಲಾವಣೆಯಿಂದ ಎರಡು ಅನುಕೂಲವಾಯಿತು. ಮೊದಲನೆಯದು ಗೆರೆ. ಕಲೋ ಎಶಾಪ್ ಎಂಬ ಉಪಕರಣವನ್ನು ಬಳಸಿದ. ದಪ್ಪ ಸೂಜಿಯ ತುದಿಯನ್ನು ಓರೆಯಾಗಿ ಕತ್ತರಿಸಿದಾಗ ಮೊಟ್ಟೆಯಾಕಾರದ ಮುಖ ಸಿಗುತ್ತದೆ. ಬೋರುಲೇಖನಿಯನ್ನು ತಿರುಗಿಸಿದಂತೆ ಇದನ್ನು ಬೆರಳುಗಳ ನಡುವೆ ತಿರುಗಿಸಿದರೆ ಒಂದೇ ಎಳೆತದಲ್ಲಿ ಗೆರೆ ತೆಳ್ಳಗೆ ಶುರುವಾಗಿ ನಡುವೆ ಉಬ್ಬಿ ಮತ್ತೆ ತೆಳ್ಳಗಾಗುತ್ತದೆ. ಮೆತ್ತನೆಯ ಮೇಣದಲ್ಲಿ ಇದು ಚೊಕ್ಕವಾಗಿ ಬರುವುದಿಲ್ಲ, ಗಟ್ಟಿ ವಾರ್ನಿಷಿನಲ್ಲಿ ಬರುತ್ತದೆ. ಎರಡನೆಯದು ಹಂತ ಹಂತದ ತಿನ್ನಿಸುವಿಕೆ. ಗ್ರೌಂಡ್ ಕಿತ್ತುಬರುವ ಭಯವಿಲ್ಲದ್ದರಿಂದ ತಗಡನ್ನು ಮತ್ತೆ ಮತ್ತೆ ಆಸಿಡ್ಡಿಗೆ ಒಡ್ಡಬಹುದು. ಮೊದಲ ಸುತ್ತು ಮುಗಿದ ಕೂಡಲೇ ದೂರದ ಆಕೃತಿಗಳ ಮೇಲೆ ಕೊಬ್ಬು ಮತ್ತು ಎಣ್ಣೆ ಬೆರೆಸಿದ ಬಿಸಿ ಮಿಶ್ರಣವನ್ನು ಕುಂಚದಿಂದ ಬಳಿದು ಮುಚ್ಚುತ್ತಾರೆ. ಅಲ್ಲಿಗೆ ಸೆಬಾಸ್ಟಿಯನ್ನರ ಕೆಲಸ ಮುಗಿಯಿತು. ಎರಡನೆಯ ಸುತ್ತಿನ ಬಳಿಕ ನಡುವಿನ ಜನರನ್ನು ಮುಚ್ಚುತ್ತಾರೆ. ಕೊನೆಯವರೆಗೆ ತೆರೆದುಕೊಂಡು ಆಸಿಡ್ ಕುಡಿಯುವವರು ಎದುರಿನ ಬಿಲ್ಲುಗಾರರು.

ಆಗಿನ ಆಸಿಡ್ ಬಗ್ಗೆ ಓದಿದಾಗ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬರುತ್ತದೆ. ಗಟ್ಟಿ ಗ್ರೌಂಡಿಗೆ ಬೊಸ್ ಹೇಳುವ ದ್ರಾವಣದಲ್ಲಿರುವುದು ವಿನೆಗರ್, ಉಪ್ಪು, ನವಸಾಗರ ಮತ್ತು ಕಿಲುಬು. ಕಲಾಯಿ ಹಾಕುವವರು ಕಾದ ಪಾತ್ರೆಗೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ ನವಸಾಗರ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಉಳಿದರೆ ಹಸಿರಾಗಿ ಕಟ್ಟಿಕೊಳ್ಳುತ್ತದಲ್ಲ, ಅದೇ ಕಿಲುಬು. ಈ ನಾಲ್ಕನ್ನೂ ಕುದಿಸಿ ಆರಿಸಿ, ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಮೇಲಿನಿಂದ ಸುರಿಯುತ್ತಿದ್ದರು. ಕೆಳಗಿನ ತೊಟ್ಟಿಗೆ ಬಿದ್ದದ್ದನ್ನು ಮೊಗೆದು ಮತ್ತೆ ಸುರಿಯುತ್ತಿದ್ದರು. ನಡುನಡುವೆ ತಗಡನ್ನು ತಿರುಗಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಹರಿವಿನ ಒಂದೇ ದಿಕ್ಕಿನ ಗೆರೆಗಳು ಹೆಚ್ಚು ಆಳವಾಗುತ್ತವೆ. ನೈಟ್ರಿಕ್ ಆಸಿಡ್ಡಿನ ಹಾಗೆ ಇದು ಗುಳ್ಳೆ ಎಬ್ಬಿಸುವುದಿಲ್ಲ. ಗುಳ್ಳೆ ಏಳದ್ದರಿಂದ ಗ್ರೌಂಡಿನ ಅಂಚು ಎದ್ದು ಬರುವುದಿಲ್ಲ, ಗೆರೆ ಚೊಕ್ಕವಾಗಿ ಕೆಳಗಿಳಿಯುತ್ತದೆ. ಕಲೋನ ಒಂದು ಸೆಂಟಿಮೀಟರ್ ಎತ್ತರದ ಮನುಷ್ಯರಿಗೆ ಮೊಣಕೈ, ಹಿಮ್ಮಡಿ ಎಲ್ಲ ಇರುವುದಕ್ಕೆ ಅವನ ಕಣ್ಣು ಮತ್ತು ಕೈ ಎಷ್ಟು ಕಾರಣವೋ ಈ ಸೌಮ್ಯ ಹುಳಿನೀರೂ ಅಷ್ಟೇ ಕಾರಣ.

ಇವತ್ತು ಸ್ಟುಡಿಯೋದಲ್ಲಿ ಇದೇ ಪರಿಣಾಮ ಬೇಕೆಂದರೆ ದಾರಿ ಇದೆ. ಒಂದೂವರೆ ಮಿಲಿಮೀಟರ್ ದಪ್ಪದ ತಾಮ್ರದ ತಗಡು ತೆಗೆದುಕೊಳ್ಳಿ. ನಾಲ್ಕೂ ಅಂಚನ್ನು ಅರದಿಂದ 45 ಡಿಗ್ರಿ ಓರೆಗೆ ಉಜ್ಜಿ. ಇದನ್ನು ಬಿಟ್ಟರೆ ಪ್ರೆಸ್ಸಿನ ಒತ್ತಡಕ್ಕೆ ಚೂಪು ಅಂಚು ಕಾಗದವನ್ನೂ ಅದರ ಮೇಲೆ ಹಾಸುವ ಉಣ್ಣೆಯ ಫೆಲ್ಟನ್ನೂ ಕೊಯ್ಯುತ್ತದೆ. ಚಾಕ್ ಪುಡಿ ಮತ್ತು ವಿನೆಗರಿನಿಂದ ಜಿಡ್ಡು ತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಒಂದೇ ಪದರವಾಗಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ, ಆ ಜಾಗದಲ್ಲಿ ಗ್ರೌಂಡ್ ಕೂರುವುದಿಲ್ಲ.

ಗ್ರೌಂಡಿಗೆ ಎರಡು ಪಾಲು ಜೇನುಮೇಣ, ಎರಡು ಪಾಲು ಆಸ್ಫಾಲ್ಟಮ್ ಎಂಬ ಡಾಂಬರಿನಂಥ ವಸ್ತುವಿನ ಪುಡಿ, ಒಂದು ಪಾಲು ರಾಳ. ಮೊದಲು ಮೇಣ ಕರಗಬೇಕು, ಆಮೇಲೆ ರಾಳ, ಕೊನೆಗೆ ಆಸ್ಫಾಲ್ಟಮ್ಮನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ತಿರುವಬೇಕು. ಉರಿ ಸಣ್ಣದಿರಲಿ, ಕಿಟಕಿ ತೆರೆದಿರಲಿ. ಬಿಸಿ ತಗಡಿಗೆ ರೋಲರಿನಿಂದ ಇದನ್ನು ಆದಷ್ಟು ತೆಳ್ಳಗೆ ಹರಡಿ. ದಪ್ಪವಾದರೆ ಸೂಜಿ ತಾಮ್ರ ಮುಟ್ಟುವುದೇ ಇಲ್ಲ. ಆಮೇಲೆ ತಗಡನ್ನು ಬೋರಲು ಹಿಡಿದು ಕೆಳಗಿನಿಂದ ಮೇಣದ ಬತ್ತಿಯ ಹೊಗೆ ಕೊಡಿ. ಜ್ವಾಲೆಯ ತುದಿ ತಗಡಿಗೆ ತಾಗಬಾರದು, ಕೈ ಒಂದೇ ಕಡೆ ನಿಲ್ಲಬಾರದು. ಸರಿಯಾಗಿ ಹೊಗೆ ಕುಡಿದ ಗ್ರೌಂಡ್ ಕರಿಗಾಜಿನಂತೆ ಹೊಳೆಯುತ್ತದೆ. ಬೂದು ಬಣ್ಣಕ್ಕೆ ತಿರುಗಿ ಹೊಳಪು ಕಳೆದುಕೊಂಡರೆ ಸುಟ್ಟಿದೆ ಎಂದರ್ಥ. ಅದನ್ನು ಅಳಿಸಿ ಮೊದಲಿನಿಂದ ಮಾಡುವುದೇ ಲೇಸು, ಏಕೆಂದರೆ ಸುಟ್ಟ ಗ್ರೌಂಡ್ ಆಸಿಡ್ಡಿನಲ್ಲಿ ತೂತು ಬೀಳುತ್ತದೆ. ಆಕಾಶ ಎಂದು ಬಿಟ್ಟ ಕಡೆ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಬರುವುದು ಹೀಗೆ.

ಆಸಿಡ್ಡಿನ ಬದಲು ಫೆರಿಕ್ ಕ್ಲೋರೈಡ್ ಬಳಸುವುದು ಒಳ್ಳೆಯದು. ಹಳೆಯ ಹುಳಿನೀರಿನ ಹಾಗೆ ಇದೂ ಗುಳ್ಳೆ ಎಬ್ಬಿಸದೆ ನೇರ ಕೆಳಗೆ ತಿನ್ನುತ್ತದೆ. ಅಂಗಡಿಯ ಗಟ್ಟಿ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ, 25 ಡಿಗ್ರಿಯ ಆಸುಪಾಸು ಶಾಖದಲ್ಲಿ, 5 ನಿಮಿಷಕ್ಕೆ ದೂರದ ಬೆಟ್ಟದಂಥ ತೆಳು ಗೆರೆ, 15 ನಿಮಿಷಕ್ಕೆ ಸಾಧಾರಣ ಗೆರೆ, 40ಕ್ಕೆ ಖಡಕ್ ಗೆರೆ, 90ಕ್ಕೆ ಕಡುಕಪ್ಪು ಬರುತ್ತದೆ. ಇವು ಒಟ್ಟು ಹೊತ್ತಿನ ಲೆಕ್ಕ. ಅಂದರೆ 5 ನಿಮಿಷಕ್ಕೆ ಹೊರತೆಗೆದು, ತೊಳೆದು, ಒಣಗಿಸಿ, ದೂರದ್ದನ್ನು ಸ್ಟಾಪ್‌ಔಟ್ ಎಂಬ, ದ್ರಾವಣ ತಡೆಯುವ ವಾರ್ನಿಷಿನಿಂದ ಮುಚ್ಚಿದ ಮೇಲೆ ಇನ್ನು 10 ನಿಮಿಷ ಇಟ್ಟರೆ ಅದು 15. ಚಳಿಗಾಲದಲ್ಲಿ ಇಡೀ ಲೆಕ್ಕ ಬದಲಾಗುತ್ತದೆ, ಹಳೆಯ ದ್ರಾವಣದಲ್ಲೂ ಬದಲಾಗುತ್ತದೆ. ಹಾಗಾಗಿ ಎರಡು ಬೆರಳಗಲದ ತುಂಡು ತಗಡಿನಲ್ಲಿ ಮೊದಲು ಪರೀಕ್ಷೆ ಮಾಡದೆ ಸಂತರನ್ನು ಆಸಿಡ್ಡಿಗೆ ಇಳಿಸಬೇಡಿ. ಫೆರಿಕ್ಕಿನಲ್ಲಿ ಗೆರೆಯೊಳಗೆ ತುಕ್ಕಿನಂಥ ಗಸಿ ಕೂತು ಕೆಲಸ ನಿಲ್ಲಿಸುತ್ತದೆ. ತಗಡನ್ನು ನಿಲ್ಲಿಸಿ ಅಥವಾ ಬೋರಲು ಇಟ್ಟರೆ ಗಸಿ ಕೆಳಗೆ ಉದುರುತ್ತದೆ. ಸ್ವಲ್ಪ ಸಿಟ್ರಿಕ್ ಆಸಿಡ್ ಬೆರೆಸಿದರೂ ಗಸಿ ಕರಗುತ್ತದೆ. ನೈಟ್ರಿಕ್ಕನ್ನೇ ಬಳಸುವುದಾದರೆ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರನ್ನಲ್ಲ. ಗೆರೆಯ ಮೇಲಿನ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರುತ್ತಿರಬೇಕು. ಕಂದು ಹೊಗೆ ಕಂಡರೆ ಅಲ್ಲಿ ನಿಲ್ಲಬಾರದು.

ಇನ್ನೊಂದು ತಪ್ಪು ಕಪ್ಪಿನ ಆಸೆಯಿಂದ ಆಗುವಂಥದು. ಕೊಲೆಗಾರನ ನೆರಳು ಗಾಢವಾಗಲಿ ಎಂದು ಗೆರೆಗಳನ್ನು ಒತ್ತೊತ್ತಾಗಿ ಎಳೆದು ಗಂಟೆಗಟ್ಟಲೆ ಬಿಟ್ಟರೆ ಎರಡು ಗೆರೆಗಳ ನಡುವಿನ ತಾಮ್ರದ ಗೋಡೆಯೇ ಕರಗಿ ಹೋಗುತ್ತದೆ. ಉಳಿಯುವುದು ಒಂದು ಅಗಲ ಗುಂಡಿ. ಗುಂಡಿಯಲ್ಲಿ ಮಸಿ ನಿಲ್ಲುವುದಿಲ್ಲ, ಒರೆಸುವಾಗ ಎದ್ದುಬರುತ್ತದೆ. ಅಚ್ಚಿನಲ್ಲಿ ಕಡುಕಪ್ಪಿನ ಬದಲು ಬೂದು ಕಲೆ ಕಾಣುತ್ತದೆ. ಕಪ್ಪು ಬೇಕೆಂದರೆ ಗೆರೆಗಳ ನಡುವೆ ಗೋಡೆ ಉಳಿಯಲೇಬೇಕು.

ಈಗ ರಿಬೇರಾ. ವಲೆನ್ಸಿಯಾ ಸೀಮೆಯ ಶಾಟಿವಾದಲ್ಲಿ ಹುಟ್ಟಿ, ಬಾಳಿನ ಬಹುಭಾಗ ನೇಪಲ್ಸಿನಲ್ಲಿ ಕಳೆದ ಹುಸೇಪೆ ದೆ ರಿಬೇರಾ ಮಾಡಿದ ಎಚ್ಚಿಂಗುಗಳು ಇಪ್ಪತ್ತರ ಒಳಗೇ. ಹೆಚ್ಚಿನವು 1620ರ ದಶಕದವು. ಅದರಲ್ಲಿ 1624ರ ‘ಸಂತ ಬಾರ್ತೊಲೊಮಾಯನ ರಕ್ತಸಾಕ್ಷ್ಯ’ ಸುಮಾರು 32 ಸೆಂಟಿಮೀಟರ್ ಎತ್ತರ, 24 ಅಗಲ. ಬಾರ್ತೊಲೊಮಾಯನನ್ನು ಜೀವಸಹಿತ ಚರ್ಮ ಸುಲಿದು ಕೊಂದರು ಎಂಬುದು ಐತಿಹ್ಯ. ಕಲೋ ದೂರ ನಿಂತರೆ ರಿಬೇರಾ ನಮ್ಮನ್ನು ಮರದ ಬುಡಕ್ಕೇ ಕರೆದೊಯ್ಯುತ್ತಾನೆ. ಕೊಲೆಗಾರ ಚಾಕುವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯನ್ನು ಕೆಲಸಕ್ಕೆ ಬಿಡುವು ಮಾಡಿಕೊಂಡಿದ್ದಾನೆ. ಕುರಿ ಸುಲಿಯುವುದನ್ನು ಕಂಡವರಿಗೆ ಆ ಭಂಗಿ ಹೊಸದಲ್ಲ. ಕಸುಬು ಗೊತ್ತಿದ್ದವನ ನಿರಾಳ ಅದು.

ಸಂತನ ಮೈಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕು. ಎದೆಯ ನಡುವೆ, ಭುಜದ ಮೇಲೆ ಏನೂ ಇಲ್ಲ. ಬರಿ ಕಾಗದ. ಅದರ ಅಂಚಿನಲ್ಲಿ ರಾಗಿಕಾಳಿಗಿಂತಲೂ ಚಿಕ್ಕ ಚುಕ್ಕಿಗಳು ಶುರುವಾಗುತ್ತವೆ. ಪಕ್ಕೆಲುಬಿನ ಹತ್ತಿರ ಬಂದಂತೆ ಚುಕ್ಕಿಗಳು ಉದ್ದವಾಗಿ ಸಣ್ಣ ಗೀರುಗಳಾಗುತ್ತವೆ. ಗೀರುಗಳು ಸೇರಿ ಗೆರೆಯಾಗುತ್ತವೆ, ನೆರಳಿನಲ್ಲಿ ಗೆರೆಯ ಮೇಲೆ ಗೆರೆ ಓರೆಯಾಗಿ ಬೀಳುತ್ತದೆ. ಎಲ್ಲಿ ಚರ್ಮ ಇನ್ನೂ ಮೈಗೆ ಅಂಟಿಕೊಂಡಿದೆಯೋ ಅಲ್ಲಿ ಈ ಕ್ರಮ ಮೃದು. ಚರ್ಮ ಇನ್ನೂ ಉಳಿದಿರುವ ಮೈಯೇ ಚಿತ್ರದ ಅತಿ ಬೆಳಕಿನ ಜಾಗ, ಸುಲಿಯುವ ಕೈಗಳು ನೆರಳಿಗೆ ಸೇರಿದವು. ನೋವನ್ನು ತೋರಿಸಲು ರಿಬೇರಾ ಗಾಯವನ್ನು ಕೊರೆಯಲಿಲ್ಲ, ಗಾಯವಾಗಲಿರುವ ಮೈಯನ್ನು ಬಿಳಿಯಾಗಿ ಬಿಟ್ಟ. ನನ್ನ ಮಟ್ಟಿಗೆ ಆ ಕಾಲದ ರಕ್ತಸಾಕ್ಷಿಗಳ ಎಚ್ಚಿಂಗುಗಳಲ್ಲಿ ಇದಕ್ಕೆ ಸಾಟಿ ಇಲ್ಲ.

ಚಿತ್ರದ ಕೆಳಗೆ ರಿಬೇರಾ ಸ್ಪ್ಯಾನಿಶ್‌ನಲ್ಲಿ ಅರ್ಪಣೆ ಬರೆದಿದ್ದಾನೆ. ಅದು ಸಿಸಿಲಿಯ ವೈಸರಾಯ್ ಆಗಿದ್ದ ರಾಜಕುಮಾರ ಫಿಲಿಬೆರ್ತೊಗೆ. ಅದೇ 1624ರಲ್ಲಿ ಆ ರಾಜಕುಮಾರ ಪಲೆರ್ಮೊದಲ್ಲಿ ಪ್ಲೇಗಿಗೆ ಬಲಿಯಾದ. ಈ ಅಕ್ಷರಗಳನ್ನು ತಗಡಿನಲ್ಲಿ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಬರೆಯಬೇಕು, ಯಾಕೆಂದರೆ ಅಚ್ಚಿನಲ್ಲಿ ಎಲ್ಲವೂ ಎಡಬಲವಾಗುತ್ತದೆ. ಸಂತರ ಚಿತ್ರಗಳಲ್ಲಿ ಇದು ಬರಿ ಅಕ್ಷರದ ತೊಂದರೆಯಲ್ಲ. ತೈಲಚಿತ್ರವನ್ನು ಹಾಗೆಯೇ ನಕಲು ಮಾಡಿದರೆ ಆಶೀರ್ವದಿಸುವ ಕೈ ಎಡಗೈಯಾಗಿಬಿಡುತ್ತದೆ, ಜೆರೋಮ್ ಎಡಗೈಯಲ್ಲಿ ಬೈಬಲ್ ಅನುವಾದಿಸುತ್ತಾನೆ. ಅನುಭವವಿದ್ದವರು ಕರಡನ್ನೇ ತಿರುಗಿಸಿ ಬರೆದುಕೊಳ್ಳುತ್ತಿದ್ದರು.

ಇಷ್ಟೊಂದು ಸುಲಿಯುವ, ಸುಡುವ, ಕಲ್ಲೆಸೆಯುವ ಚಿತ್ರಗಳು ಆ ಕಾಲಕ್ಕೆ ಯಾಕೆ ಬೇಕಾದವು? 1563ರಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ ಸಂತರ ಚಿತ್ರಗಳನ್ನು ಎತ್ತಿಹಿಡಿಯಿತು, ಜನರಿಗೆ ಪಾಠವಾಗುವಂತೆ ಅವು ಇರಬೇಕೆಂದಿತು. 1578ರಲ್ಲಿ ರೋಮಿನ ಹೊರವಲಯದಲ್ಲಿ ಮೊದಲ ಕ್ರೈಸ್ತರ ನೆಲದಡಿಯ ಸಮಾಧಿಗಳು ಸಿಕ್ಕವು. ಹಳೆಯ ರಕ್ತಸಾಕ್ಷಿಗಳ ಬಗ್ಗೆ ಹೊಸ ಉತ್ಸಾಹ ಹುಟ್ಟಿತು. 1591ರ ಹೊತ್ತಿಗೆ ಹಿಂಸೆಯ ಉಪಕರಣಗಳನ್ನೇ ಒಂದೊಂದಾಗಿ ವಿವರಿಸುವ ಪುಸ್ತಕ ರೋಮಿನಲ್ಲಿ ಬಂತು, ಅದರ ಚಿತ್ರಗಳನ್ನು ತಗಡಿಗೆ ಇಳಿಸಿದವನು ಆಂತೋನಿಯೊ ತೆಂಪೆಸ್ತಾ. ತೈಲಚಿತ್ರ ಒಂದು ಇಗರ್ಜಿಯಲ್ಲಿರುತ್ತದೆ. ಎಚ್ಚಿಂಗ್ ಮಾತ್ರ ಒಂದು ತಗಡಿನಿಂದ ನೂರಾರು ಮನೆಗೆ ಹೋಗುತ್ತದೆ. ಕಲೋ ವರ್ಷದ ಪ್ರತಿ ದಿನದ ಸಂತರನ್ನೂ ಎಚ್ಚಿಂಗ್ ಮಾಡಿಟ್ಟಿದ್ದ. ಒಂದೊಂದು ಹಾಳೆಯಲ್ಲಿ ನಾಲ್ಕು ಪುಟ್ಟ ಚಿತ್ರ, ಒಟ್ಟು ನಾಲ್ಕು ನೂರಕ್ಕೂ ಮಿಕ್ಕಿ. 1635ರಲ್ಲಿ ಅವನು ತೀರಿಕೊಂಡ ಮೇಲೆ, 1636ರಲ್ಲಿ ಗೆಳೆಯ ಇಸ್ರಾಯೆಲ್ ಆಂರಿಯೆ ಪ್ಯಾರಿಸ್ಸಿನಲ್ಲಿ ಅವನ್ನು ಪ್ರಕಟಿಸಿದ. ಅಷ್ಟು ಚಿಕ್ಕ ಚಿತ್ರದಲ್ಲಿ ಸಂತರನ್ನು ಗುರುತಿಸಲು ಗುರುತುಗಳೇ ಗತಿ. ಚಾಕು ಬಾರ್ತೊಲೊಮಾಯ, ಮುರಿದ ಚಕ್ರ ಕ್ಯಾಥರೀನ್, ಓರೆ ಶಿಲುಬೆ ಅಂದ್ರೆಯ, ಕಬ್ಬಿಣದ ಸರಳುಗಳ ಜಾಳಿಗೆ ಲಾರೆನ್ಸ್. ಕಾರ್ಕಳದ ಅತ್ತೂರಿನ ಜಾತ್ರೆಗೆ ಹೋಗಿಬಂದವರಿಗೆ ಈ ಲಾರೆನ್ಸರ ಪರಿಚಯ ಇದ್ದೇ ಇರುತ್ತದೆ.

ಡಚ್ ಕಲಾವಿದ ರೆಂಬ್ರಾಂಟ್ ಇದ್ದದ್ದು ಪ್ರೊಟೆಸ್ಟಂಟ್ ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಲ್ಲಿ ಇಗರ್ಜಿಗಳಿಗೆ ಸಂತರ ಚಿತ್ರ ಬೇಕಿರಲಿಲ್ಲ. ಆದರೂ ಅವನು ಸಂತರನ್ನು ಬಿಡಲಿಲ್ಲ. 1635ರಲ್ಲಿ ಮಾಡಿದ ‘ಸ್ತೆಫನನಿಗೆ ಕಲ್ಲೆಸೆತ’ ಒಂಬತ್ತೂವರೆ ಸೆಂಟಿಮೀಟರ್ ಎತ್ತರ, ಎಂಟೂವರೆ ಅಗಲ, ಅಂಗೈಯಲ್ಲಿ ಹಿಡಿಸುವಷ್ಟು. ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು 1653ರ ಆಸುಪಾಸಿನ ಜೆರೋಮ್. ಇಟಲಿಯ ಊರಿನಂಥ ಹಿನ್ನೆಲೆ, ದಿಬ್ಬದ ಮೇಲೆ ನಮಗೆ ಬೆನ್ನು ಕೊಟ್ಟು ನಿಂತ ಸಿಂಹ. ಅದರ ಕೇಸರದ ಕೂದಲುಗಳನ್ನು ಎಣಿಸಬಹುದು. ಕೆಳಗೆ ಓದುತ್ತ ಕೂತ ಜೆರೋಮ್ ಮಾತ್ರ ಬರಿ ಹೊರಗೆರೆ. ಮೈಗೆ ನೆರಳಿಲ್ಲ, ಬಟ್ಟೆಗೆ ಬಣ್ಣವಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಎಂದು ಬಹಳ ಮಂದಿ ಓದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಿಸಿಲಿನಲ್ಲಿ ಕೂತವನ ಮೇಲೆ ಬಿಸಿಲನ್ನು ತೋರಿಸಲು ಎಚ್ಚಿಂಗಿನಲ್ಲಿ ಇದಕ್ಕಿಂತ ನೇರವಾದ ದಾರಿ ಇಲ್ಲ.

1657ರ ‘ಮರದಡಿ ಪ್ರಾರ್ಥಿಸುವ ಫ್ರಾನ್ಸಿಸ್’ ಚಿತ್ರವನ್ನು ಅವನು ಶುರುಮಾಡಿದ್ದೇ ಡ್ರೈಪಾಯಿಂಟಿನಿಂದ. ಅಂದರೆ ಗ್ರೌಂಡೂ ಇಲ್ಲ, ಆಸಿಡ್ಡೂ ಇಲ್ಲ, ಸೂಜಿಯನ್ನು ನೇರ ತಾಮ್ರದಲ್ಲಿ ಒತ್ತಿ ಎಳೆಯುವುದು. ಉತ್ತ ಸಾಲಿನ ಪಕ್ಕ ಮಣ್ಣು ಎದ್ದು ನಿಲ್ಲುವಂತೆ ಗೆರೆಯ ಪಕ್ಕ ತಾಮ್ರದ ಸಿಬರು ಏಳುತ್ತದೆ. ಆ ಸಿಬರು ಮಸಿ ಹಿಡಿದುಕೊಂಡು ಅಚ್ಚಿನಲ್ಲಿ ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಆದರೆ ಪ್ರತಿ ಸಲ ಪ್ರೆಸ್ಸಿನಡಿ ಹೋದಾಗಲೂ ಅದು ಚೂರು ಚೂರೇ ಮಡಚಿಕೊಳ್ಳುತ್ತದೆ. ಕೆಲವೇ ಹತ್ತು ಪ್ರತಿ ತೆಗೆಯುವಷ್ಟರಲ್ಲಿ ಮಖಮಲ್ಲು ಹೋಗಿ ಬಡಕಲು ಗೆರೆ ಉಳಿಯುತ್ತದೆ. ಒಂದೇ ತಗಡಿನ ಮೊದಲ ಪ್ರತಿಯೂ ನೂರನೆಯ ಪ್ರತಿಯೂ ಬೇರೆ ಬೇರೆ ಚಿತ್ರಗಳೇ ಆಗಿಬಿಡುತ್ತವೆ.

ಪ್ರದರ್ಶನದಲ್ಲೋ ಮಾರಾಟದಲ್ಲೋ ಇಂಥ ಪ್ರತಿ ಎದುರಾದರೆ ನೋಡಬೇಕಾದ ಕ್ರಮ ಹೀಗೆ. ಭೂತಗನ್ನಡಿಯಲ್ಲಿ ಸಾಲುಸಾಲು ಯಂತ್ರದ ಚುಕ್ಕಿಗಳು ಕಂಡರೆ ಅದು ಪುಸ್ತಕದ ಮುದ್ರಣ, ಅಲ್ಲಿಗೆ ಬಿಡಿ. ಚುಕ್ಕಿ ಇಲ್ಲದಿದ್ದರೆ ಬೆಳಕನ್ನು ಪಕ್ಕದಿಂದ ಬಿಡಿ. ತಗಡಿನಿಂದ ಬಂದ ಮಸಿ ಕಾಗದದ ಮೇಲೆ ರಂಗೋಲಿ ಎಳೆಯಂತೆ ಚೂರು ಉಬ್ಬಿರುತ್ತದೆ, ಸುತ್ತ ತಗಡಿನ ಅಂಚು ಒತ್ತಿದ ಗುರುತಿರುತ್ತದೆ. ಎಚ್ಚಿಂಗಿನ ಗೆರೆಯ ಕೊನೆ ಸಾಮಾನ್ಯವಾಗಿ ಮೊಂಡು, ಆಸಿಡ್ ಇಲ್ಲದೆ ಉಳಿಯಿಂದ ತಾಮ್ರ ಕೊರೆದು ಮಾಡುವ ಎನ್‌ಗ್ರೇವಿಂಗಿನದು ಸೂಜಿಮೊನೆ. ಇಷ್ಟಾದರೂ ಮೋಸ ಹೋಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಅಮಾಂ ದ್ಯುರಾಂ ಫೋಟೊ ಮೂಲಕ ತಾಮ್ರಕ್ಕೆ ಇಳಿಸಿದ ನಕಲುಗಳಲ್ಲೂ ಉಬ್ಬು ಮಸಿ ಇದೆ, ಒತ್ತು ಗುರುತಿದೆ. ಆಗ ಕಾಗದವನ್ನು ಬೆಳಕಿಗೆ ಹಿಡಿಯಬೇಕು. ಹದಿನೇಳನೆಯ ಶತಮಾನದ ಯುರೋಪಿನ ಕಾಗದದಲ್ಲಿ ತಂತಿಜಾಲರಿಯ ಗೆರೆಗಳು ಕಾಣುತ್ತವೆ. ಗೆರೆ ಇಲ್ಲದ ನಯವಾದ ಕಾಗದ ಯುರೋಪಿನಲ್ಲಿ ಬಂದದ್ದೇ 1750ರ ದಶಕದಲ್ಲಿ. ರೆಂಬ್ರಾಂಟನ ಎಷ್ಟೋ ತಗಡುಗಳು ಅವನ ನಂತರವೂ ಕೈಯಿಂದ ಕೈಗೆ ಹೋಗಿ ಅಚ್ಚಾಗುತ್ತಲೇ ಇದ್ದವು. ತಗಡು ಅಸಲಿಯಾದರೂ ಪ್ರತಿ ಸವೆದದ್ದಾಗಿರಬಹುದು.

ಕೊನೆಗೆ ಮತ್ತೆ ಕಲೋನ ಒಂದು ಪುಟ್ಟ ತಗಡು, ಸುಮಾರು 17 ಸೆಂಟಿಮೀಟರ್ ಎತ್ತರ, 11 ಅಗಲ. 1597ರ ಫೆಬ್ರವರಿ 5ರಂದು ಜಪಾನಿನ ನಾಗಸಾಕಿಯಲ್ಲಿ 26 ಕ್ರೈಸ್ತರನ್ನು ಶಿಲುಬೆಗೇರಿಸಿದರು. ಅವರಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೇರಿದವರು 23. ಈ 23 ಮಂದಿಯನ್ನು ಪೋಪ್ ಎಂಟನೇ ಅರ್ಬನ್ 1627ರಲ್ಲಿ ಧನ್ಯರೆಂದು, ಅಂದರೆ ಸಂತ ಪದವಿಗೆ ಹಿಂದಿನ ಮೆಟ್ಟಿಲಿಗೆ ಏರಿದವರೆಂದು, ಘೋಷಿಸಿದ ಕಾಲದಲ್ಲೇ ಕಲೋ ಅವರನ್ನು ಎಚ್ಚಿಂಗ್ ಮಾಡಿದ. ಅವರಲ್ಲೊಬ್ಬರು ಗೊನ್ಸಾಲೊ ಗಾರ್ಸಿಯಾ, ಮುಂಬಯಿಯ ಉತ್ತರಕ್ಕಿರುವ ವಸಾಯಿಯಲ್ಲಿ ಪೋರ್ಚುಗೀಸ್ ತಂದೆಗೂ ಕೊಂಕಣದ ತಾಯಿಗೂ ಹುಟ್ಟಿದವರು, 1862ರಲ್ಲಿ ಸಂತರಾದವರು. ಚಿತ್ರದಲ್ಲಿ ಸಾಲು ಸಾಲು ಶಿಲುಬೆಗಳು. ಒಂದೊಂದರ ಮೇಲೂ ನಾಲ್ಕಾರು ಗೀರಿನ ಒಂದೊಂದು ಮೈ. ಕೆಳಗಿನ ಫ್ರೆಂಚ್ ಅಡಿಬರಹ ಅವರನ್ನು ಒಟ್ಟಾಗಿ ಜಪಾನಿನ ಮೊದಲ 23 ರಕ್ತಸಾಕ್ಷಿಗಳು ಎನ್ನುತ್ತದೆ. ಭೂತಗನ್ನಡಿ ಹಿಡಿದು ಒಂದೊಂದೇ ಶಿಲುಬೆಯನ್ನು ದಾಟುತ್ತ ಹೋದರೆ ಮುಖ ಇರಬೇಕಾದ ಕಡೆ ಸಿಗುವುದು ಗುಂಡುಸೂಜಿಯ ತಲೆಯಷ್ಟು ಬಿಳಿ ಕಾಗದ.